ಕಳೆದರೆ ಬಲಕ್ಕೇಕೆ?

ಗಣಿತವನ್ನು ಕುರಿತು ಕನ್ನಡದ ಅಧ್ಯಾಪಕನು ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಕ್ಷೆಯ ಪಾಠದಲ್ಲಿ ನಮ್ಮ ಮಕ್ಕಳು ಎಡವುವುದು ಬಹುಮಟ್ಟಿಗೆ ಭಾಷೆಯಲ್ಲಿಯೇ. ಎಕ್ಸ್ ವರ್ಗದ ನಕ್ಷೆ ಒಂದು ಪರವಲಯ. ಎಕ್ಸ್ ಇದ್ದೆಡೆ ‘ಎಕ್ಸ್ ಮೈನಸ್ 2’ ಎಂದಿಟ್ಟೊಡನೆ ಅದು ಆಕಾರಗೆಡದೆ ಎರಡು ಮಾನ ಬಲಕ್ಕೆ ಸರಿಯುತ್ತದೆ. ಕಳೆದರೆ ಎಡಕ್ಕಲ್ಲವೇ ಹೋಗಬೇಕಾದದ್ದು? ಈ ನ್ಯಾಯವಾದ ಪ್ರಶ್ನೆಗೆ ‘ಒಳಗಿನ ಚಿಹ್ನೆ ತಿರುಗುಮುರುಗು, ಬಾಯಿಪಾಠ ಮಾಡು’ ಎಂದುಬಿಡುತ್ತೇವೆ. ಗಣಿತವು ಕಾರಣವಿಲ್ಲದ ಕಟ್ಟಳೆಯೆಂಬ ಭಾವನೆ ಬೇರೂರುವುದು ಇಲ್ಲಿಂದಲೇ.

ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನಾಲೆಗೆ ಬಿಟ್ಟ ನೀರು ಚನ್ನಗಿರಿ ಸೀಮೆಯ ಒಂದು ಗದ್ದೆಯನ್ನು ಮುಟ್ಟಲು ಎರಡು ದಿನ ಹಿಡಿಯುವುದೆಂದೂ ದಾರಿಯಲ್ಲಿ ಹನಿಯೂ ಸೋರದೆಂದೂ ಭಾವಿಸೋಣ. (ನಾಲೆಯ ಕೊನೆಯ ರೈತರು ನಗದಿರಲಿ!) ಗದ್ದೆಯ ಬಳಿ ಇಂದಿರುವ ಮಟ್ಟವು ನಾಲೆಯ ಬಾಯಲ್ಲಿ ಮೊನ್ನೆ ಇದ್ದ ಮಟ್ಟ. ಸೂತ್ರದಲ್ಲಿ ಎರಡು ದಿನ ಕಳೆಯುವುದು ಅದಕ್ಕಾಗಿ. ಅಲ್ಲಿ ಐದನೆಯ ದಿನ ಉಕ್ಕಿದ ನೀರು ಇಲ್ಲಿಗೆ ಬರುವುದು ಏಳನೆಯ ದಿನ. ನಕ್ಷೆ ಬಲಕ್ಕೆ ಸರಿಯಿತು.

ಹೊರಗೆ ಕೂಡಿಸುವುದು ಸುಲಭ. ಹೊನ್ನಾಳಿಯ ಹೊಳೆಯಲ್ಲಿ ಅಳತೆಪಟ್ಟಿಯನ್ನು ಒಂದು ಮೀಟರು ಕೆಳಗಿಳಿಸಿ ನೆಟ್ಟರೆ ನಕ್ಷೆ ಇಡಿಯಾಗಿ ಅಷ್ಟೇ ಮೇಲೇರುವುದು. ಇನ್ನು ಕುಗ್ಗಿಸುವ ಮಾತು. ಮಲೆನಾಡಿನ ಸೆರಗಿನ ನ್ಯಾಮತಿಯ ಮಳೆಯ ನಕ್ಷೆಯನ್ನು ಅರ್ಧಕ್ಕೆ ಒತ್ತಿದರೆ ಬಯಲಿನ ಜಗಳೂರಿನದಾದೀತೇ? ಮಕ್ಕಳು ಮಳೆಯ ಅಂಕಿಗಳನ್ನು ತಂದು ನೋಡಲಿ. ಜಗಳೂರಿನಲ್ಲಿ ಮಳೆ ಹೆಚ್ಚುವುದು ಮುಂಗಾರಿನ ಕೊನೆಗೆ. ಒತ್ತಿದ ನಕ್ಷೆಯನ್ನು ತುಸು ಬಲಕ್ಕೂ ಸರಿಸಬೇಕಾದೀತು.