ಬಲದಿಂದ ಬರುವ ಅಕ್ಷರಕ್ಕೆ ಎಡವಟ್ಟು ಬೇಡ

ಮದುವೆಯ ಸೀಸನ್ ಶುರುವಾಗಿದೆ. ವಾರಕ್ಕೆ ಏಳೆಂಟು ಮದುವೆ ಕಾಗದಗಳು ನಮ್ಮ ಕೈಸೇರುತ್ತವೆ. ಮೊನ್ನೆ ಬಂದ ಒಂದು ಕಾಗದ ನೋಡಲಿಕ್ಕೆ ಬಹಳ ಚಂದ. ದಪ್ಪ ರಟ್ಟು, ಚಿನ್ನದ ಬಣ್ಣದ ಅಂಚು, ಮೇಲೆ ಅರಬಿಯಲ್ಲಿ ಬಿಸ್ಮಿ. ಓದಲು ಹೊರಟರೆ ಮಾತ್ರ ಆಗುವುದಿಲ್ಲ. ಬಾ, ಸೀನ್, ಮೀಮ್ ಒಂದಕ್ಕೊಂದು ಸೇರದೆ ಬಿಡಿಬಿಡಿಯಾಗಿ ನಿಂತಿವೆ. ಸಾಲದ್ದಕ್ಕೆ, ಬಲತುದಿಯಲ್ಲಿ ಇರಬೇಕಾದ ಬಾ ಎಡತುದಿಯಲ್ಲಿದೆ. 'ಮಂಗಳೂರು' ಎಂದು ಬರೆಯಬೇಕಾದಲ್ಲಿ 'ರುಳೂಗಮಂ' ಎಂದು ಅಚ್ಚಾದರೆ ಹೇಗೋ ಹಾಗೆ. ಕನ್ನಡದಲ್ಲಿ ಹಾಗಾಗಿದ್ದರೆ ಆ ಕಾಗದವನ್ನು ಯಾರೂ ಹಂಚುತ್ತಿರಲಿಲ್ಲ. ಅರಬಿಯಲ್ಲಿ ಆದದ್ದನ್ನು ಐನೂರು ಮನೆಗೆ ಹಂಚಿ ಆಗಿದೆ.

ಬೇರೆಯವರತ್ತ ಬೆರಳು ತೋರಿಸುವ ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ರಂಝಾನಿನ ಒಂದು ವಾರ ಇದೇ ಪುಟದಲ್ಲಿ ಒಂದು ದುಆ ಹೀಗೆಯೇ ಚೂರುಚೂರಾಗಿ ಅಚ್ಚಾಗಿತ್ತು. ಬೆಳಗ್ಗೆ ಸುಬಹಿ ಮುಗಿಯುವಷ್ಟರಲ್ಲಿ ಫೋನು. 'ನಿಮ್ಮಲ್ಲಿ ಅರಬಿ ಓದುವವರು ಒಬ್ಬರೂ ಇಲ್ಲವಾ?' ಎಂದು ಹಿರಿಯ ಉಸ್ತಾದರೊಬ್ಬರು ಕೇಳಿದಾಗ ನಮ್ಮಲ್ಲಿ ಉತ್ತರ ಇರಲಿಲ್ಲ. ಓದುವವರು ಇದ್ದರು, ಅಚ್ಚಿಗೆ ಹೋಗುವ ಮುನ್ನ ಅವರಿಗೆ ತೋರಿಸಿರಲಿಲ್ಲ. ಮರುವಾರ ತಿದ್ದುಪಡಿ ಹಾಕಿದೆವು. ಪತ್ರಿಕೆಯ ತಪ್ಪಿಗೆ ತಿದ್ದುಪಡಿ ಉಂಟು. ಮಸೀದಿಯ ಶಿಲಾಫಲಕದಲ್ಲಿ, ಖಬರಿನ ಮೀಸಾನ್ ಕಲ್ಲಿನಲ್ಲಿ ಹೀಗೆ ಕೆತ್ತಿಬಿಟ್ಟರೆ ತಿದ್ದುವುದು ಎಲ್ಲಿ?

ಹೀಗೆ ಯಾಕೆ ಆಗುತ್ತದೆ ಎಂದು ಕೇಳಿದರೆ 'ಕಂಪ್ಯೂಟರಿಗೆ ಅರಬಿ ಬರುವುದಿಲ್ಲ' ಎಂಬ ಉತ್ತರ ಸಿಗುತ್ತದೆ. ಅದು ಸರಿಯಲ್ಲ. ಯೂನಿಕೋಡ್ 1991ರಲ್ಲಿ ಮೊದಲ ಬಾರಿ ಹೊರಬಂದಾಗಲೇ ಅದರಲ್ಲಿ ಕನ್ನಡವೂ ಇತ್ತು, ಅರಬಿಯೂ ಇತ್ತು. ಯೂನಿಕೋಡ್‌ನಲ್ಲಿ ಅಕ್ಷರಗಳನ್ನು ಓದುವ ಕ್ರಮದಲ್ಲಿ ಇಡುತ್ತಾರೆ: ಮೊದಲು ಬಾ, ಮತ್ತೆ ಸೀನ್, ಮತ್ತೆ ಮೀಮ್. ಒಳಗೆ ಅದಕ್ಕೆ ಬಲವೂ ಇಲ್ಲ, ಎಡವೂ ಇಲ್ಲ. ಪರದೆಯ ಮೇಲೆ ಅಥವಾ ಕಾಗದದ ಮೇಲೆ ಮೂಡಿಸುವಾಗ ತಂತ್ರಾಂಶ ಎರಡು ಕೆಲಸ ಮಾಡಬೇಕು. ಒಂದು, ಅರಬಿಯ ಭಾಗವನ್ನು ಬಲದಿಂದ ಎಡಕ್ಕೆ ಇಡುವುದು. ಇನ್ನೊಂದು, ಪ್ರತಿ ಅಕ್ಷರಕ್ಕೂ ಅದು ನಿಂತ ಜಾಗಕ್ಕೆ ತಕ್ಕ ರೂಪ ಕೊಡುವುದು. ಪದದ ಮೊದಲಿಗೆ ಬಂದರೆ ಒಂದು ರೂಪ, ನಡುವಿಗೆ ಒಂದು, ಕೊನೆಗೆ ಒಂದು, ಒಂಟಿಯಾಗಿ ನಿಂತರೆ ಮತ್ತೊಂದು. ಅಲಿಫ್, ದಾಲ್, ಝಾಲ್, ರಾ, ಝಾಯ್, ವಾವ್ ಈ ಆರು ಮಾತ್ರ ಮುಂದಿನ ಅಕ್ಷರಕ್ಕೆ ಸೇರುವುದಿಲ್ಲ. ಇದು ಮದ್ರಸದ ಚಿಕ್ಕ ಮಕ್ಕಳಿಗೂ ಗೊತ್ತಿರುವ ಪಾಠ. ತಂತ್ರಾಂಶ ಈ ಎರಡು ಕೆಲಸವನ್ನೂ ಬಿಟ್ಟರೆ ನಮಗೆ ಬಂದಂಥ ಮದುವೆ ಕಾಗದ ತಯಾರಾಗುತ್ತದೆ.

ಕನ್ನಡಕ್ಕೂ ಇದೇ ಕಷ್ಟ ಇತ್ತು ಎಂಬುದು ನೆನಪಿರಬಹುದು. ಹಳೆಯ ಮೊಬೈಲುಗಳಲ್ಲಿ ಒತ್ತಕ್ಷರ ಕೆಳಗಿಳಿಯದೆ, 'ಅಕ್ಷರ' ಎಂಬುದು 'ಅಕ್‌ಷರ' ಎಂದು ಕಾಣುತ್ತಿತ್ತು. ನಮ್ಮ ಡಿಟಿಪಿಯವರು ಆ ಕಷ್ಟಕ್ಕೆ ಒಂದು ಅಡ್ಡದಾರಿ ಹಿಡಿದರು. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಹೊದಿಸಿದ್ದು ಕನ್ನಡದ ಚಿತ್ರ. ಹಾಗಾಗಿ ಇಂಗ್ಲಿಷಿಗೆಂದೇ ಮಾಡಿದ ತಂತ್ರಾಂಶದಲ್ಲಿ ಕನ್ನಡದ ಕೆಲಸ ಆರಾಮವಾಗಿ ನಡೆದುಹೋಯಿತು, ಈಗಲೂ ನಡೆಯುತ್ತಿದೆ. ಅರಬಿಗೆ ಈ ಅಡ್ಡದಾರಿ ಸಾಕಾಗುವುದಿಲ್ಲ. ಪೇಜ್‌ಮೇಕರ್‌ನ ಸಾಮಾನ್ಯ ಆವೃತ್ತಿಯನ್ನು ಬಲದಿಂದ ಎಡಕ್ಕೆ ಬರೆಯುವ ಲಿಪಿಗೆಂದು ಮಾಡಿದ್ದೇ ಅಲ್ಲ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಅಕ್ಷರದ ಸೆಟ್ಟಿಂಗ್‌ಗೆ ಹೋಗಿ 'ಮಿಡ್ಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್' ಎಂಬುದನ್ನು ಆರಿಸಬೇಕು. ಇನ್‌ಡಿಸೈನ್‌ನಲ್ಲಿ 'ವರ್ಲ್ಡ್-ರೆಡಿ ಕಂಪೋಸರ್' ಆರಿಸಬೇಕು. ಅರಬಿಯನ್ನು ಸರಿಮಾಡುವ ಈ ಸೆಟ್ಟಿಂಗೇ ಯೂನಿಕೋಡ್ ಕನ್ನಡದ ಒತ್ತಕ್ಷರವನ್ನೂ ಸರಿಮಾಡುತ್ತದೆ. ಎರಡು ನಿಮಿಷದ ಕೆಲಸ. ಅದು ಉಂಟು ಎಂದು ಗೊತ್ತಿಲ್ಲದೆ ವರ್ಷಗಟ್ಟಲೆ ತಪ್ಪು ಅಚ್ಚಾಗುತ್ತಾ ಬಂದಿದೆ.

ಡಿಟಿಪಿ ಹುಡುಗನನ್ನು ಬೈದು ಪ್ರಯೋಜನ ಇಲ್ಲ. 'ನೀವು ಕೊಟ್ಟದ್ದನ್ನೇ ಹಾಕಿದ್ದು, ನಂಗೆ ಅದು ಓದ್ಲಿಕ್ಕೆ ಬರ್ತದಾ?' ಎಂದು ಅವನು ಕೇಳಿದರೆ ನ್ಯಾಯವೇ. ನಾವು ಕೊಡುವುದಾದರೂ ಏನು? ಯಾವುದೋ ಹಳೆಯ ಪಿಡಿಎಫ್‌ನಿಂದ ನಕಲು ಮಾಡಿದ ಸಾಲು. ಪಿಡಿಎಫ್‌ನಲ್ಲಿ ಮುಖ್ಯವಾಗಿ ಉಳಿಯುವುದು ಅಕ್ಷರದ ಆಕಾರ ಮತ್ತು ಅದು ನಿಂತ ಜಾಗ. ಅಲ್ಲಿಂದ ಎತ್ತಿ ಬೇರೆಡೆ ಅಂಟಿಸಿದಾಗ ಕ್ರಮ ತಿರುಗುಮುರುಗಾಗುವುದು ಮಾಮೂಲು.

ಅಂಕಿಗಳ ವಿಷಯ ಇನ್ನೂ ಸೂಕ್ಷ್ಮ. ಅರಬಿಯಲ್ಲಿ ಅಕ್ಷರ ಬಲದಿಂದ ಎಡಕ್ಕೆ ಹೋದರೂ ಸಂಖ್ಯೆಯನ್ನು ಎಡದಿಂದ ಬಲಕ್ಕೇ ಬರೆಯುತ್ತಾರೆ. ಎರಡು ದಿಕ್ಕಿನ ಬರಹ ಒಂದೇ ಸಾಲಿನಲ್ಲಿ ಬಂದಾಗ ಯಾವುದು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಯೂನಿಕೋಡ್‌ನಲ್ಲಿ ಕಟ್ಟುನಿಟ್ಟಾದ ನಿಯಮ ಇದೆ. ಆ ನಿಯಮದ ಪ್ರಕಾರ 12-09-2025 ಎಂಬ ತಾರೀಕು ಅರಬಿ ಅಕ್ಷರದ ಬೆನ್ನಿಗೇ ಬಂದರೆ 2025-09-12 ಎಂದು ಕಾಣುತ್ತದೆ. ನಡುವೆ ಓರೆಗೆರೆ ಹಾಕಿ 12/09/2025 ಎಂದರೆ ಹಾಗೆಯೇ ಉಳಿಯುತ್ತದೆ. ತಾರೀಕಿನಲ್ಲಾದರೆ ವರ್ಷ ಯಾವುದು ಎಂದು ಊಹಿಸಬಹುದು, ಫೋನ್ ನಂಬರಿನಲ್ಲಿ ಅದೂ ಆಗುವುದಿಲ್ಲ. ಸೌದಿಯ ನಂಬರನ್ನು +966 ಎಂದು ಶುರುಮಾಡಿ, ನಡುವೆ ಜಾಗ ಬಿಟ್ಟು, ಅರಬಿ ಹೆಸರಿನ ಪಕ್ಕದಲ್ಲೇ ಬರೆದರೆ ಗುಂಪುಗಳು ಅದಲುಬದಲಾಗುತ್ತವೆ. ಕೊನೆಯ ಅಂಕಿಗಳು ಎಡತುದಿಗೆ, ದೇಶದ ಸಂಕೇತ ಬಲತುದಿಗೆ. ಗಲ್ಫಿನಲ್ಲಿರುವ ಮಗನ ನಂಬರನ್ನು ಹಾಗೆ ನೋಡಿ ಚೀಟಿಯಲ್ಲಿ ಬರೆದಿಟ್ಟುಕೊಂಡ ತಾಯಿ ಆಪತ್ತಿನ ಹೊತ್ತಿಗೆ ಯಾರಿಗೆ ಫೋನ್ ಮಾಡುವುದು? ಉಪಾಯ ಸುಲಭ: ನಂಬರನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ.

ಸಲಾಮನ್ನು ಅರಬಿಯಲ್ಲಿ ಬರೆದು ಅದೇ ಸಾಲಿನಲ್ಲಿ ಕನ್ನಡ ಮುಂದುವರಿಸುವ ರೂಢಿ ನಮ್ಮಲ್ಲಿ ಬಹಳ. ಹಾಗೆ ಮಾಡಿದಾಗ ಇಡೀ ಸಾಲು ಬಲಕ್ಕೆ ವಾಲುತ್ತದೆ, ವಾಕ್ಯದ ಕೊನೆಯ ಚುಕ್ಕಿ ಎಡತುದಿಗೆ ಹಾರುತ್ತದೆ. ಪ್ಯಾರಾದ ಮೊದಲ ಅಕ್ಷರ ಯಾವ ಲಿಪಿಯದೋ ಇಡೀ ಪ್ಯಾರಾದ ದಿಕ್ಕು ಅದೇ ಎಂದು ತಂತ್ರಾಂಶ ಊಹಿಸುವುದರಿಂದ ಹೀಗಾಗುತ್ತದೆ. ಸಲಾಮ್ ಬರೆದು ಎಂಟರ್ ಒತ್ತಿ, ಕನ್ನಡವನ್ನು ಹೊಸ ಸಾಲಿನಲ್ಲಿ ಶುರುಮಾಡಿದರೆ ಹೆಚ್ಚಿನ ಕಡೆ ಸರಿಯಾಗುತ್ತದೆ.

'ಒಂದು ಬಿಸ್ಮಿಗೆ ಇಷ್ಟೆಲ್ಲ ತಲೆಬಿಸಿ ಬೇಕಾ? ಚಿತ್ರವಾಗಿ ಅಂಟಿಸಿದರೆ ಆಯ್ತಲ್ಲ' ಎನ್ನುವವರಿದ್ದಾರೆ. ಮದುವೆ ಕಾಗದಕ್ಕೆ ಅದು ಆದೀತು, ಸುಂದರ ಕೈಬರಹದ ಬಿಸ್ಮಿಯ ಚಿತ್ರ ಹಾಕಿದರೆ ಶೋಭೆಯೂ ಹೌದು. ಆದರೆ ಮದ್ರಸದ ಪರೀಕ್ಷೆಯ ಪೇಪರನ್ನು, ಇನ್ನೂರು ಪುಟದ ಪುಸ್ತಕವನ್ನು ಚಿತ್ರ ಅಂಟಿಸಿ ಮುಗಿಸಲಾಗದು. ಚಿತ್ರದೊಳಗಿನ ಪದವನ್ನು ಹುಡುಕಲು ಕಷ್ಟ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ಎಟಕುವುದು ಕಷ್ಟ.

ಇದರಲ್ಲಿ ಬ್ಯಾರಿಗಳಿಗೆ ಇನ್ನೂ ಒಂದು ದೊಡ್ಡ ಕೆಲಸ ಬಾಕಿ ಉಂಟು. ನಮ್ಮ ಹಿರಿಯರು ಮದ್ರಸದಲ್ಲಿ ಅರಬಿ-ಮಲಯಾಳಂ ಲಿಪಿಯಲ್ಲಿ ಓದಿದವರು. ಆ ಲಿಪಿಯ ಕೃತಿಗಳಲ್ಲಿ ಕಾಲ ತಿಳಿದಿರುವ ಅತಿ ಹಳೆಯದು 1607ರ ಮುಹ್ಯಿದ್ದೀನ್ ಮಾಲೆ ಎಂದು ಗುರುತಿಸುತ್ತಾರೆ. ಅಂಥ ಮಾಲೆಗಳ, ಮಸ್‌ಅಲಗಳ ಹಳೆಯ ಕಿತಾಬುಗಳು ನಮ್ಮ ಮನೆಗಳ ಅಟ್ಟದಲ್ಲಿ ಒರಲೆ ಹಿಡಿಯುತ್ತಿವೆ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಉಳಿಯುತ್ತವೆ, ಒಳ್ಳೆಯದೇ. ನಾಳೆಯ ಮಕ್ಕಳು ಅದರಲ್ಲಿ ಒಂದು ಪದ ಹುಡುಕಬೇಕಾದರೆ, ಪಕ್ಕದಲ್ಲಿ ಕನ್ನಡದ ಅರ್ಥ ಇಟ್ಟು ಓದಬೇಕಾದರೆ ಅದನ್ನು ಅಕ್ಷರವಾಗಿಯೇ ಟೈಪ್ ಮಾಡಬೇಕು. ಎರಡು ದಿಕ್ಕಿನ ಬರಹವನ್ನು ಒಂದೇ ಪುಟದಲ್ಲಿ ಕೂರಿಸಲು ಬಲ್ಲವರು ಆಗ ನಮ್ಮಲ್ಲಿ ಇರಬೇಕು.

ಆದ್ದರಿಂದ ಜಮಾಅತುಗಳಿಗೆ, ಮದ್ರಸ ಕಮಿಟಿಗಳಿಗೆ, ಮದುವೆ ಮನೆಯವರಿಗೆ ನಮ್ಮ ವಿನಂತಿ ಇಷ್ಟು. ಅರಬಿ ಸಾಲನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕೊಡಿ. ಸರಿಯಾಗಿ ಮೂಡಿದಾಗ ಅದು ಹೇಗೆ ಕಾಣಬೇಕೆಂಬ ಒಂದು ಫೋಟೊವನ್ನೂ ಜೊತೆಗೆ ಕೊಡಿ. ಅರಬಿ ಓದಲು ಬಾರದವನೂ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಫಾಂಟಿಗೆ ದುಡ್ಡು ಕೊಡಬೇಕಾಗಿಲ್ಲ. ಕೈರೋದ ಹಳೆಯ ಬುಲಾಕ್ ಮುದ್ರಣಾಲಯದ ಅಚ್ಚಿನ ಮಾದರಿಯಲ್ಲಿ ಮಾಡಿದ 'ಅಮೀರಿ' ಫಾಂಟ್ ಉಚಿತವಾಗಿ ಸಿಗುತ್ತದೆ. ಪ್ರೆಸ್‌ಗೆ ಕಳಿಸುವಾಗ ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಕಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ಪ್ರೂಫನ್ನು ಕಾಗದದ ಮೇಲೆ ತೆಗೆದು ಅರಬಿ ಬಲ್ಲ ಒಬ್ಬರಿಂದ ಓದಿಸಿ. ಮೊಬೈಲಿನಲ್ಲಿ ಸರಿ ಕಂಡದ್ದು ಪ್ರೆಸ್‌ನ ಕಂಪ್ಯೂಟರಿನಲ್ಲಿ ಕೆಡಬಹುದು. 1537-38ರ ಸುಮಾರಿಗೆ ವೆನಿಸ್ ನಗರದಲ್ಲಿ ಪಗಾನಿನಿ ಎಂಬವರು ಅಚ್ಚುಮೊಳೆ ಜೋಡಿಸಿ ಕುರ್‌ಆನ್ ಮುದ್ರಿಸಿದ್ದರು. ಅದರಲ್ಲಿ ದಾಲ್‌ಗೂ ಝಾಲ್‌ಗೂ ವ್ಯತ್ಯಾಸವೇ ಇರಲಿಲ್ಲ. ಓದಬಲ್ಲವರ ಕಣ್ಣು ತಪ್ಪಿಸಿ ಅಚ್ಚಿಗೆ ಹೋದದ್ದು ಆಗಲೂ ಕೆಟ್ಟಿತ್ತು, ಈಗಲೂ ಕೆಡುತ್ತಿದೆ.

ಬೆಂಗಳೂರಿನಲ್ಲಿ, ದುಬೈಯಲ್ಲಿ ತಂತ್ರಾಂಶದ ಕೆಲಸದಲ್ಲಿರುವ ನಮ್ಮ ಮಕ್ಕಳಿಗೂ ಒಂದು ಮಾತು. ಊರಿಗೆ ರಜೆಯಲ್ಲಿ ಬಂದಾಗ ಒಂದು ದಿನ ಮಧ್ಯಾಹ್ನ ಮದ್ರಸದ ಉಸ್ತಾದರನ್ನೂ ಪೇಟೆಯ ಡಿಟಿಪಿಯವರನ್ನೂ ಒಟ್ಟಿಗೆ ಕೂರಿಸಿ ಈ ಸೆಟ್ಟಿಂಗುಗಳನ್ನು ತೋರಿಸಿಕೊಡಿ. ಒಬ್ಬರಿಗೆ ಅಕ್ಷರ ಗೊತ್ತು, ಇನ್ನೊಬ್ಬರಿಗೆ ಯಂತ್ರ ಗೊತ್ತು. ಇವರಿಬ್ಬರು ಒಂದೇ ಮೇಜಿನಲ್ಲಿ ಕೂತು ಮಾತಾಡಿದರೆ ಮುಂದಿನ ಸೀಸನ್ನಿನ ಮದುವೆ ಕಾಗದಗಳಲ್ಲಾದರೂ ಬಿಸ್ಮಿಯನ್ನು ಓದಲಿಕ್ಕಾದೀತು.