ಸೈಕಲ್ಲಿನವರು ತೋರಿಸಿಕೊಟ್ಟ ಗಾಡಿದಾರಿ

ನಮ್ಮೂರು ಮಲ್ಲತ್ತಹಳ್ಳಿ. ಈಗ ಅದನ್ನ ಹಳ್ಳಿ ಅಂತ ಯಾರೂ ನಂಬಲ್ಲ, ಕೆರೆ ಒಂದು ಉಳಿದುಕೊಂಡಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ನಾನು ಉಳುತ್ತಿದ್ದ ಹೊಲ ಲೇಔಟಿಗೆ ಹೋಯಿತು. ಬಂದ ದುಡ್ಡಿನಲ್ಲಿ ತಾವರೆಕೆರೆ ದಾಟಿ ಮಂಚನಬೆಲೆ ಕಡೆಗೆ ಎರಡೂವರೆ ಎಕರೆ ಖುಷ್ಕಿ ತಗೊಂಡೆ. ಬೋರು ಇಲ್ಲ. ಮಳೆ ಕೊಟ್ಟರೆ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಮಳೆ ತಡವಾದರೆ ಹುರುಳಿ. ಮನೆ ಮಲ್ಲತ್ತಹಳ್ಳಿಯಲ್ಲೇ ಇರೋದರಿಂದ ದಿನಾ ಬೆಳಿಗ್ಗೆ ಮೊಪೆಡ್ಡು ಹತ್ತಿ ಹೋಗಿ ಸಂಜೆ ವಾಪಸ್ಸು ಬರ್ತೀನಿ.

ಈ ಪತ್ರಿಕೆಯಲ್ಲಿ ಬೆಳೆ, ಗೊಬ್ಬರದ ಬಗ್ಗೆ ಬರೆಯೋರು ಬಹಳ ಜನ ಇದ್ದಾರೆ. ನಾನು ಸೈಕಲ್ಲಿನ ವಿಷಯ ಬರೀತಿದೀನಿ. ನಗಬೇಡಿ, ಕೊನೆಗೆ ಇದು ನಮ್ಮ ಹೊಲದ ವಿಷಯಕ್ಕೇ ಬರುತ್ತೆ.

ಭಾನುವಾರ ಬೆಳಕು ಹರಿಯೋ ಮುಂಚೆ ಬೆಂಗಳೂರಿನಿಂದ ಸೈಕಲ್ಲಿನವರು ಹೊರಡುತ್ತಾರೆ. ಮೊದಲೆಲ್ಲ ಡಾಂಬರು ರಸ್ತೆಯಲ್ಲೇ ಬಂದು ದೊಡ್ಡ ಆಲದ ಮರದ ಹತ್ತಿರ ಟೀ ಕುಡಿದು ಹೋಗುತ್ತಿದ್ದರು. ಈಗ ಕೆಲವು ವರ್ಷದಿಂದ ಮಣ್ಣು ದಾರಿ ಹುಡುಕಿಕೊಂಡು ಬರೋರು ಜಾಸ್ತಿ. ಅದಕ್ಕೇ ಬೇರೆ ಸೈಕಲ್ಲು ಇದೆ, ಗ್ರ್ಯಾವೆಲ್ ಬೈಕ್ ಅಂತಾರೆ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಬಗ್ಗಿರುತ್ತೆ, ಟೈರು ಒಂದೂವರೆ ಇಂಚಿನಷ್ಟು ಅಗಲ, ಜಲ್ಲಿ, ಕೆಮ್ಮಣ್ಣು, ಮರಳು ಯಾವುದಕ್ಕೂ ಜಗ್ಗಲ್ಲ. ಬೆಲೆ ಕೇಳಿದರೆ ನಮ್ಮ ಸೀಮೆಹಸು ಎರಡು ಬರುತ್ತೆ. ಅರ್ಕಾವತಿ ಹೊಳೆ ಮಗ್ಗುಲು, ಗೋಮಾಳ, ಸಾವನದುರ್ಗದ ಕಾಡಿನ ಅಂಚು, ಹೀಗೆ ಫೋನಿನ ನಕ್ಷೆ ನೋಡಿಕೊಂಡು ತಿರುಗುತ್ತಾರೆ.

ಹೋದ ವರ್ಷ ಆಗಸ್ಟಿನಲ್ಲಿ ಕುಂಟೆ ಹೊಡೆದು ಮುಗಿಸಿದ್ದೆ. ಪೈರು ಗೇಣುದ್ದ ಇತ್ತು. ಏಳೆಂಟು ಸೈಕಲ್ಲು ನೆಟ್ಟಗೆ ನನ್ನ ರಾಗಿಯೊಳಗೇ ಬಂದವು. ಕುಡುಗೋಲು ಹಿಡಿದುಕೊಂಡೇ ಓಡಿದೆ. "ಏನ್ರಪ್ಪಾ, ಅನ್ನ ತಿನ್ನೋ ಜನ ಅಲ್ವಾ ನೀವು? ಪೈರು ಕಾಣಲ್ವಾ?" ಅಂದೆ. ಮುಂದೆ ಇದ್ದ ಹೆಣ್ಣುಮಗಳು ಇಳಿದು, "ಸಾರಿ ಅಂಕಲ್, ಇಲ್ಲಿ ದಾರಿ ಇದೆ ಅಂತ ಮ್ಯಾಪ್ ತೋರಿಸ್ತಿದೆ" ಅಂತ ಫೋನು ಹಿಡಿದಳು. ನಾನು ನೋಡಲೇ ಇಲ್ಲ, ಇನ್ನೂ ನಾಲ್ಕು ಮಾತು ಅಂದೆ. ಪಾಪ, ಸೈಕಲ್ಲು ಎತ್ತಿಕೊಂಡು ಹಿಂದಕ್ಕೆ ಹೋದರು.

ಫೋನು ನೋಡದೇ ಇದ್ದದ್ದಕ್ಕೆ ಕಾರಣ ಇತ್ತು. ಅಲ್ಲಿ ದಾರಿ ಇದ್ದದ್ದು ನನಗೆ ಗೊತ್ತಿತ್ತು.

ನಾನು ಆ ಜಮೀನು ತಗೊಂಡಾಗ ಮೂಡಲ ಬದಿಗೆ ಎಂಟು ಅಡಿ ಗಾಡಿದಾರಿ ಇತ್ತು. ಎತ್ತಿನ ಗಾಡಿ ನಿಂತ ಮೇಲೆ ಅದರಲ್ಲಿ ಹುಲ್ಲು, ಲಂಟಾನ ಬೆಳೀತು. ಒಂದು ವರ್ಷ ನೇಗಿಲು ಒಂದು ಸಾಲು ಅತ್ತ ಸರಿಸಿದೆ. ಯಾರೂ ಕೇಳಲಿಲ್ಲ. ಮಾರನೇ ವರ್ಷ ಇನ್ನೊಂದು ಸಾಲು. ಎದುರು ಹೊಲದವರು ಆ ಕಡೆಯಿಂದ ಹಾಗೇ ಮಾಡಿದರು. ಐದಾರು ವರ್ಷಕ್ಕೆ ಉಳಿದದ್ದು ಒಬ್ಬ ಮನುಷ್ಯ ನಡೆಯೋ ಬದು.

ಆವತ್ತು ರಾತ್ರಿ ಮಗನ ಫೋನಿನಲ್ಲಿ ದಿಶಾಂಕ್ ತೆಗೆಸಿದೆ. ಕಂದಾಯ ಇಲಾಖೆಯದು ಅದು, ಹೊಲದಲ್ಲಿ ನಿಂತರೆ ಸರ್ವೆ ನಂಬರು ತೋರಿಸುತ್ತೆ. ಆಮೇಲೆ ಗ್ರಾಮ ನಕಾಶೆಯೂ ನೋಡಿದೆ. ಎರಡು ಚುಕ್ಕೆ ಗೆರೆ ಜೊತೆಯಾಗಿ ಹೋಗಿದ್ದರೆ ಗಾಡಿದಾರಿ, ಒಂಟಿ ಗೆರೆಯಾದರೆ ಕಾಲುದಾರಿ. ನನ್ನ ಮೂಡಲ ಬದಿಗೆ ಜೋಡಿ ಗೆರೆ ಇತ್ತು. ಪಹಣಿಯಲ್ಲೂ 1 ಗುಂಟೆ 'ಬ' ಖರಾಬು ಅಂತ ಬರೆದಿತ್ತು. ಇಷ್ಟು ವರ್ಷ ಪಹಣಿ ಹಿಡಿದುಕೊಂಡು ಓಡಾಡಿದೀನಿ, ಆ ಕಲಮನ್ನ ಒಂದು ದಿನ ಓದಿರಲಿಲ್ಲ. 'ಅ' ಖರಾಬು ಅಂದರೆ ಬಂಡೆ, ಕೊರಕಲು, ಬೇಸಾಯಕ್ಕೆ ಬಾರದ ನೆಲ. 'ಬ' ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನದ ಥರ ಎಲ್ಲರಿಗೂ ಸೇರಿದ್ದು. ಅದಕ್ಕೆ ನಾವು ಕಂದಾಯ ಕಟ್ಟಲ್ಲ, ಉಳೋ ಹಕ್ಕೂ ನಮಗಿಲ್ಲ.

ಲೆಕ್ಕ ಹಾಕಿದೆ. ನಾನು ಒತ್ತಿದ್ದು ನಾಲ್ಕು ಅಡಿ ಅಗಲ, 330 ಅಡಿ ಉದ್ದ. 1,320 ಚದರ ಅಡಿ, ಅಂದರೆ ಒಂದೂಕಾಲು ಗುಂಟೆಗೂ ಸ್ವಲ್ಪ ಕಡಿಮೆ. ಖುಷ್ಕಿಯಲ್ಲಿ ಒಳ್ಳೇ ವರ್ಷ ಎಕರೆಗೆ ಹತ್ತು ಕ್ವಿಂಟಾಲು ರಾಗಿ ಅಂದುಕೊಂಡರೂ ಅಷ್ಟು ಜಾಗಕ್ಕೆ ಸಿಕ್ಕೋದು 30 ಕೆಜಿ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಆ ಲೆಕ್ಕದಲ್ಲಿ ಸಾವಿರದೈನೂರು ರೂಪಾಯಿಯೂ ಆಗಲ್ಲ, ಬೀಜ ಗೊಬ್ಬರ ಕಳೆಯೋದಕ್ಕೆ ಮುಂಚೆ.

ಇನ್ನೊಂದು ಕಡೆ ಲೆಕ್ಕ ಇದೆ. ನನ್ನ ಹಿಂದಿನ ಹೊಲ ಒಬ್ಬ ಅಜ್ಜಿಯದು. ಗಂಡ ಇಲ್ಲ, ಮಗ ಪಟ್ಟಣದಲ್ಲಿ ಆಟೋ ಓಡಿಸ್ತಾನೆ. ದಾರಿ ಹೋದ ಮೇಲೆ ಆಕೆ ಹೊಲಕ್ಕೆ ಟ್ರ್ಯಾಕ್ಟರು ಹೋಗಲ್ಲ, ಒಕ್ಕೋ ಮಿಷನ್ನೂ ಹೋಗಲ್ಲ. ಕುಯ್ದ ರಾಗಿ ಸಿವುಡನ್ನೆಲ್ಲ ತಲೆಹೊರೆಯಲ್ಲಿ ನನ್ನ ಬದುವಿನ ಮೇಲೇ ರಸ್ತೆಗೆ ಸಾಗಿಸಬೇಕು. ಹೊರೋ ಆಳುಗಳ ಕೂಲಿ ನನ್ನ ಸಾವಿರದೈನೂರಕ್ಕಿಂತ ಜಾಸ್ತಿ ಬೀಳುತ್ತೆ. ಎರಡು ವರ್ಷದಿಂದ ಅರ್ಧ ಹೊಲ ಬೀಳು ಬಿಟ್ಟಿದ್ದಾಳೆ. ಜಮೀನು ಕೊಡಿಸೋ ಬ್ರೋಕರು ಆಗಲೇ ಎರಡು ಸಲ ಬಂದು ಹೋದ. "ದಾರಿ ಇಲ್ಲದ ಹೊಲ ಅಜ್ಜಿ, ಇದಕ್ಕೆ ಇಷ್ಟೇ" ಅಂತ ಅರ್ಧ ಬೆಲೆ ಕೇಳಿದನಂತೆ.

ತಿಂಗಳಾದ ಮೇಲೆ ಆ ಸೈಕಲ್ಲಿನವರು ಆಲದ ಮರದ ಹತ್ತಿರ ಟೀ ಅಂಗಡಿಯಲ್ಲಿ ಸಿಕ್ಕರು. ನಾನೇ ಹೋಗಿ ಮಾತಾಡಿಸಿದೆ. ಅವರಲ್ಲೊಬ್ಬರು ಇಂಗ್ಲೆಂಡಿನಲ್ಲಿ ಕೆಲಸ ಮಾಡಿ ಬಂದವರು. ಅಲ್ಲಿ ಹೊಲ, ಕುರಿ ಮೇಯೋ ಬಯಲಿನ ಮೇಲೆ ಹಳೇ ಕುದುರೆ ದಾರಿಗಳಿವೆಯಂತೆ. 1968ರ ಕಾಯ್ದೆಯಲ್ಲಿ ಸೈಕಲ್ಲಿಗೂ ಅದರಲ್ಲಿ ಬಿಟ್ಟರು, ಆದರೆ ನಡೆಯೋರಿಗೆ, ಕುದುರೆಗೆ ದಾರಿ ಬಿಟ್ಟು ಹೋಗಬೇಕು. ಇನ್ನೂ ಒಂದು ಹೇಳಿದರು. ಹೊಲದ ಅಂಚಿನ ಅಂಥ ದಾರಿಯನ್ನ ರೈತ ಉಳೋ ಹಾಗೇ ಇಲ್ಲ. ಹೊಲದ ನಡುವೆ ಹಾಯೋ ದಾರಿಯಾದರೆ ಉಳಬಹುದು, ಆದರೆ 14 ದಿನದೊಳಗೆ ಮೊದಲಿನ ಹಾಗೆ ಮಾಡಿಕೊಡಬೇಕು. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆ ಬಂದು ಗುಡ್ಡ ಬಯಲು ಎಲ್ಲ ಕಡೆ ಸೈಕಲ್ಲು ಹೋಗಬಹುದು, ನಿಂತ ಬೆಳೆಯಲ್ಲಿ ಮಾತ್ರ ಕೂಡದು. ಅಮೆರಿಕದ ಕಾನ್ಸಾಸಿನಲ್ಲಿ ಎಂಪೋರಿಯ ಅನ್ನೋ ಊರಿದೆಯಂತೆ. 2006ರಲ್ಲಿ ಮೂವತ್ತು ಚಿಲ್ಲರೆ ಜನ ಅಲ್ಲಿನ ರೈತರ ಜಲ್ಲಿ ರಸ್ತೆಯಲ್ಲಿ 320 ಕಿಲೋಮೀಟರಿನ ಪಂದ್ಯ ಶುರು ಮಾಡಿದ್ದು, ಈಗ ಸಾವಿರಾರು ಜನ ಬರ್ತಾರೆ.

ನನಗೆ ಪಂದ್ಯ ಬೇಡ. ಆದರೆ ಆ ದೇಶದ ರೈತನಿಗೂ ದಾರಿ ಉಳುವ ಆಸೆ ಇತ್ತು ಅಂತ ಕೇಳಿ ಸ್ವಲ್ಪ ಸಮಾಧಾನ ಆಯಿತು.

ಸೈಕಲ್ಲಿನವರಿಗೂ ನಾನು ಬಿಡಲಿಲ್ಲ, ನೇರವಾಗಿ ಹೇಳಿದೆ. ದಾರಿ ನಿಮ್ಮದೂ ಹೌದು, ಬದು ನಿಮ್ಮದಲ್ಲ. ನಮ್ಮದು ಕೆಮ್ಮಣ್ಣು. ಮಳೆ ಬಿದ್ದ ಮಾರನೇ ದಿನ ಬದುವಿನ ಮೇಲೆ ಹತ್ತು ಸೈಕಲ್ಲು ಹೋದರೆ ಬೆರಳಷ್ಟು ಆಳದ ಗೀಟು ಬೀಳುತ್ತೆ. ಮುಂದಿನ ಮಳೆಗೆ ನೀರು ಆ ಗೀಟು ಹಿಡಿದು ಹರಿದು ಬದು ಒಡೆಯುತ್ತೆ, ಮೇಲ್ಮಣ್ಣು ಹಳ್ಳ ಸೇರುತ್ತೆ. ಖುಷ್ಕಿಯವನಿಗೆ ಬದುವೇ ಬಾವಿ. ಬಿದ್ದ ಮಳೆಯನ್ನ ಹೊಲದಲ್ಲಿ ನಿಲ್ಲಿಸಿಕೊಳ್ಳೋಕೆ ನಮಗೆ ಬೇರೆ ಏನಿದೆ? ಕಾಡಿನೊಳಗೆ ಹೋಗೋದಾದರೆ ಅರಣ್ಯ ಇಲಾಖೆ ಅಪ್ಪಣೆ ಬೇಕು, ನಮ್ಮ ಕಡೆ ಚಿರತೆ ಇದೆ, ಮುಂಜಾನೆ ಕತ್ತಲಲ್ಲಿ ಸದ್ದಿಲ್ಲದೆ ಬರೋ ಸೈಕಲ್ಲು ಅದಕ್ಕೂ ಹೊಸದು. ಮಂಚನಬೆಲೆ ನೀರಿಗೆ ಇಳಿಯಲೇಬೇಡಿ, ಎಷ್ಟೋ ಮನೆ ಮಕ್ಕಳು ಅಲ್ಲಿ ಹೋಗಿದ್ದಾರೆ. ಅವರು ಕೇಳಿಸಿಕೊಂಡರು. ಒಬ್ಬ ಹುಡುಗ ಮಾತ್ರ ಫೋನು ನೋಡ್ತಾ ಕೂತಿದ್ದ.

ಈಗ ನಮ್ಮವರಿಗೆ ನನ್ನ ಮಾತು. ಸೈಕಲ್ಲಿನವರು ಬಂದರೆ ಬೇಲಿ ಮುಳ್ಳು ಎಳೆಯೋದು, ನಾಯಿ ಛೂ ಬಿಡೋದು ಮಾಡಬೇಡಿ. ಗಾಡಿದಾರಿಯಲ್ಲಿ ಓಡಾಡೋರು ಇದ್ದಷ್ಟು ದಿನ ಅದು ದಾರಿ. ನಾವು ಎತ್ತು ಮಾರಿಕೊಂಡ ಮೇಲೆ ಅದರಲ್ಲಿ ಓಡಾಡೋರು ಇವರೇ. ನಾಳೆ ಯಾರಾದರೂ ದುಡ್ಡಿನವರು ನಾಲ್ಕು ಹೊಲ ಒಟ್ಟಿಗೆ ತಗೊಂಡು ಕಾಂಪೌಂಡು ಹಾಕಿ ದಾರಿ ನುಂಗಿದರೆ, "ಇಲ್ಲಿ ದಾರಿ ಇತ್ತು" ಅಂತ ಹೇಳೋಕೆ ಅವರ ಫೋನಿನಲ್ಲಿ ವಾರ ವಾರದ ಗುರುತು ಇರುತ್ತೆ. ಅಷ್ಟರಲ್ಲಿ ದಾರಿ ನಾವೇ ಉತ್ತುಬಿಟ್ಟಿದ್ದರೆ ತಹಶೀಲ್ದಾರರ ಮುಂದೆ ಯಾವ ಬಾಯಲ್ಲಿ ಕೇಳೋದು?

ಮಲ್ಲತ್ತಹಳ್ಳಿಯಿಂದ ಉಲ್ಲಾಳಕ್ಕೆ, ಕೆಂಗೇರಿ ಸಂತೆಗೆ ಅಪ್ಪನ ಗಾಡಿಯಲ್ಲಿ ಹೋದ ದಾರಿಗಳು ನನಗೆ ಕಣ್ಣು ಮುಚ್ಚಿದರೂ ಗೊತ್ತು. ಎರಡೂ ಕಡೆ ಕತ್ತಾಳೆ, ನಡುವೆ ಚಕ್ರದ ಜಾಡು. ಲೇಔಟು ಬರೋದಕ್ಕೆ ಎಷ್ಟೋ ಮುಂಚೆ ಅವನ್ನ ಅಕ್ಕಪಕ್ಕದ ನಾವೇ ಒಂದೊಂದು ಸಾಲು ತಿಂದಿದ್ದೆವು. ಲೇಔಟಿನವರು ಅಳೆಯೋಕೆ ಬಂದಾಗ ಉಳಿದಿದ್ದದ್ದು ನಕಾಶೆಯಲ್ಲಿ ಮಾತ್ರ.

ಈ ಸಲ ರಾಗಿ ಕುಯ್ದ ಮೇಲೆ ನನ್ನ ಕಡೆಯ ನಾಲ್ಕು ಅಡಿ ಬಿಟ್ಟು ಕಲ್ಲು ನೆಟ್ಟಿದೀನಿ. ಅಜ್ಜಿ ಬಂದು ನೋಡಿ, "ಇಷ್ಟರಲ್ಲಿ ಟ್ರ್ಯಾಕ್ಟರು ಹೋಗಲ್ವಲ್ಲಪ್ಪ" ಅಂದಳು. ಹೌದು, ಹೋಗಲ್ಲ. ಎದುರು ಹೊಲದವರಿಗೆ ಎರಡು ಸಲ ಹೇಳಿದೆ, ಪಹಣಿಯೂ ತೋರಿಸಿದೆ. ಉಗಾದಿ ಕಳೀಲಿ ನೋಡೋಣ ಅಂದಿದ್ದಾರೆ. ಮುಂಗಾರು ಉಳುಮೆ ಶುರುವಾಗೋಕೆ ಮುಂಚೆ ಇನ್ನೊಂದು ಸಲ ಹೋಗ್ತೀನಿ, ಅಜ್ಜಿಯನ್ನೂ ಕರೆದುಕೊಂಡು.