ಗುಜರಿಗೆ ಹಾಕೋ ಮುಂಚೆ

2025ರ ಅಕ್ಟೋಬರ್ 14ನೇ ತಾರೀಖು ಒಂದು ಕಂಪನಿ ತನ್ನ ಒಂದು ಸಾಫ್ಟ್‌ವೇರಿಗೆ ರಿಪೇರಿ ಮಾಡೋದನ್ನ ನಿಲ್ಲಿಸ್ತು. ನಡೆದದ್ದು ಅಷ್ಟೇ. ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ. ಹತ್ತು ವರ್ಷ ಆಯ್ತು, ಇನ್ನು ಮಾಮೂಲಿ ಅಪ್‌ಡೇಟ್ ಇಲ್ಲ ಅಂದರು. ಬೇಕಾದವರು ಇನ್ನೊಂದು ವರ್ಷ ಮುಂದೂಡಿಕೊಳ್ಳಿ ಅಂತ ಒಂದು ಬಾಲಂಗೋಚಿಯನ್ನೂ ಸೇರಿಸಿದರು. ಆದರೆ ನಮ್ಮ ಕಡೆ ಅಂಗಡಿಗಳಲ್ಲಿ, ಆಫೀಸುಗಳಲ್ಲಿ ಹಬ್ಬಿದ ಸುದ್ದಿಯೇ ಬೇರೆ: "ನಿಮ್ ಕಂಪ್ಯೂಟರ್ ಹೋಯ್ತು ಸಾರ್, ಹೊಸದು ತಗೊಂಬಿಡಿ."

ಹೋಯ್ತು ಅಂದ್ರೆ ಎಲ್ಲಿಗೆ ಹೋಯ್ತು ಸ್ವಾಮಿ? ಮೇಜಿನ ಮೇಲೇ ಇದೆಯಲ್ಲ! ಬಟನ್ ಒತ್ತಿದ್ರೆ ಫ್ಯಾನ್ ತಿರುಗುತ್ತೆ, ಕೀಲಿ ಒತ್ತಿದ್ರೆ ಅಕ್ಷರ ಬೀಳುತ್ತೆ. ಸರಿ, ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ಏರ್ಪಾಡು ಬೇಕು, ಇಂಟೆಲ್ ಆದ್ರೆ ಹೆಚ್ಚೂಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು ಅಂತಾರೆ. ಆ ಎಂಟನೇ ತಲೆಮಾರು ಬಂದದ್ದೇ 2017ರ ಉತ್ತರಾರ್ಧದಲ್ಲಿ. ಅಂದ್ರೆ 2017ರ ಯುಗಾದಿ ಹೊತ್ತಿಗೆ ಸೊಸೈಟಿ ಸಾಲ ಎತ್ತಿ, ಮಗಳು ಬಿಇ ಓದಲಿ ಅಂತ ಏಳನೇ ತಲೆಮಾರಿನ ಐ5, 8 ಜಿಬಿ ರ್ಯಾಮ್ ಇರೋ ಲ್ಯಾಪ್‌ಟಾಪ್ ಕೊಡಿಸಿದ ಅಪ್ಪನಿಗೆ ಈಗ "ಅದು ಮುದುಕ ಆಯ್ತು" ಅಂತ ಹೇಳ್ತಿದ್ದಾರೆ. ನಾನು ಸಾಫ್ಟ್‌ವೇರ್ ಕೆಲಸ ಮಾಡಿಯೇ ಅನ್ನ ತಿನ್ನೋನು. ಆಫೀಸಲ್ಲಿ ನಾನು ಮಾಡೋ ಕೆಲಸದ ಮುಕ್ಕಾಲು ಪಾಲು ಆ ಮಷೀನಲ್ಲಿ ಇವತ್ತೂ ಮಾಡಬಹುದು.

ನಮ್ಮೂರು ತಿಪಟೂರಿನ ಕಡೆ. ಅಲ್ಲಿ ಟಿವಿಎಸ್ ಎಕ್ಸೆಲ್ ಇಲ್ಲದ ಮನೆ ಕಮ್ಮಿ. ಷೋರೂಮಿನವರು ಫ್ರೀ ಸರ್ವಿಸ್ ಮುಗೀತು ಅಂದ ಮಾತ್ರಕ್ಕೆ ಯಾರಾದ್ರೂ ಎಕ್ಸೆಲ್‌ನ ಗುಜರಿಗೆ ಹಾಕಿದ್ದು ನೋಡಿದ್ದೀರಾ? ಕಾರ್ಬೊರೇಟರ್ ಕಟ್ಟಿಕೊಂಡ್ರೆ ಬಿಚ್ಚಿ ಪೆಟ್ರೋಲಲ್ಲಿ ತೊಳೀತಾರೆ. ಚೈನ್ ಹೋದ್ರೆ ಚೈನ್ ಹಾಕ್ತಾರೆ. ಹಿಂದಿನ ಸೀಟು ಕಿತ್ತು ಎರಡು ಮೂಟೆ ಕೊಬ್ಬರಿ ಹೇರ್ತಾರೆ. ಕುಡುಗೋಲು ಮೊಂಡಾದ್ರೆ ಕುಲುಮೆಗೆ ಒಯ್ದು ಕಕ್ಕು ಹಾಕಿಸಿ ತರೋ ಜನ ನಾವು. ಅದೇ ಜನ ಕಂಪ್ಯೂಟರ್ ಮುಂದೆ ಮಾತ್ರ ಕೈಕಟ್ಟಿ ನಿಂತು, ಮಾರೋನು ಹೇಳಿದ್ದೇ ವೇದವಾಕ್ಯ ಅಂತ ನಂಬ್ತೀವಿ. ಬೇರೆ ಮೆಕ್ಯಾನಿಕ್ ಇದ್ದಾನೆ ಅಂತ ನಮಗೆ ಯಾರೂ ಹೇಳಲೇ ಇಲ್ಲ.

ಆ ಮೆಕ್ಯಾನಿಕ್ ಹೆಸರು ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯಲ್ಲಿ ಓದ್ತಿದ್ದ ಲಿನಸ್ ಟೊರ್ವಾಲ್ಡ್ಸ್ ತನ್ನ 386 ಕಂಪ್ಯೂಟರಿಗೆ ಅಂತ ಬರೆಯಲು ಶುರುಮಾಡಿದ ಕರ್ನಲ್ ಅದು. ಈಗ ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗೂ ಇರೋದು ಅದೇ ಕರ್ನಲ್. ಅದರ ಮೇಲೆ ಬೇರೆ ಬೇರೆಯವರು ಬೇರೆ ಬೇರೆ ಅಲಂಕಾರ ಮಾಡಿ ಹಂಚ್ತಾರೆ. ಆನೆ ಒಂದೇ, ಮೇಲೆ ಕಟ್ಟೋ ಅಂಬಾರಿ ಬೇರೆ. ಲುಬುಂಟು, ಜುಬುಂಟು, ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, ಆಂಟಿಎಕ್ಸ್, ಪಪ್ಪಿ ಇವೆಲ್ಲ ಅಂಬಾರಿ ಇಳಿಸಿ ಗೋಣಿತಾಟು ಹಾಕಿದ ಆನೆಗಳು. ನೋಡೋಕೆ ಅಷ್ಟು ಚಂದ ಇರಲ್ಲ, ನಡಿಗೆ ಮಾತ್ರ ಸಲೀಸು.

ಈಗ ವಿಷಯಕ್ಕೆ ಬರ್ತೀನಿ. ನಾನು ಓದಿದ ಸರ್ಕಾರಿ ಪ್ರೌಢಶಾಲೆಯಲ್ಲಿ ಬೀಗ ಹಾಕಿದ ಒಂದು ರೂಮಿದೆ. ಒಳಗೆ ಹನ್ನೊಂದು ಕಂಪ್ಯೂಟರ್. ಡ್ಯುಯಲ್ ಕೋರ್ ಪ್ರೊಸೆಸರ್, 2 ಜಿಬಿ ರ್ಯಾಮ್, ಹಳೇ ಹಾರ್ಡ್ ಡಿಸ್ಕ್. ಮೇಲೆ ಒಂದೊಂದು ಬೆರಳು ದಪ್ಪ ಧೂಳು. ದಾಸ್ತಾನು ಪುಸ್ತಕದಲ್ಲಿ ಎಲ್ಲದರ ಮುಂದೂ ಒಂದೇ ಪದ: ನಿರುಪಯುಕ್ತ. ವಿಲೇವಾರಿ ಪಟ್ಟಿ ಸೇರಿ ಮೇಲಿನ ಆಫೀಸಿಗೆ ಹೋಗೋಕೆ ತಯಾರು. ಯಾರು ಪರೀಕ್ಷೆ ಮಾಡಿದ್ರು ಅಂತ ಕೇಳಿದೆ. ಟೌನಿನಿಂದ ಸರ್ವಿಸಿನವರು ಬಂದು ನೋಡಿ "ಇದಕ್ಕೆ ಯಾವ ವಿಂಡೋಸೂ ಓಡಲ್ಲ" ಅಂದು ಹೋದರಂತೆ. ಓಡಲ್ಲ ಅಂದದ್ದು ನಿಜವೇ. ವಿಂಡೋಸ್ 10 ಹಾಕಿದ್ರೆ ಹಾರ್ಡ್ ಡಿಸ್ಕ್ ನೂರಕ್ಕೆ ನೂರು ಉಸಿರು ಬಿಡ್ತಾ ಕೂರುತ್ತೆ, ಒಂದು ಫೋಲ್ಡರ್ ತೆಗೆಯೋಷ್ಟರಲ್ಲಿ ಪಿರಿಯಡ್ ಬೆಲ್ ಹೊಡೆದಿರುತ್ತೆ. ಆದರೆ "ಈ ಹೆಂಡತಿ ಜೊತೆ ಇವನು ಬಾಳಲಾರ" ಅನ್ನೋದಕ್ಕೂ "ಇವನು ಸತ್ತ" ಅನ್ನೋದಕ್ಕೂ ವ್ಯತ್ಯಾಸ ಬೇಡವಾ?

ಹೆಡ್ಮಾಸ್ಟ್ರು ನನಗೆ ಪಾಠ ಮಾಡಿದವರಲ್ಲ, ಆದ್ರೂ ಊರಿನ ಹುಡುಗ ಅಂತ ಸಲಿಗೆ. "ಎರಡು ತಗೊಂಡು ಏನಾದ್ರೂ ಮಾಡ್ಕೊಳಯ್ಯ, ನಂಬರ್ ಸ್ಟಿಕ್ಕರ್ ಮಾತ್ರ ಕೀಳ್ಬೇಡ" ಅಂದರು. ಒಂದರದ್ದು ರೋಗವೇ ಅಲ್ಲದ ರೋಗ. ರ್ಯಾಮ್ ಬಿಚ್ಚಿ, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನ ಮಕ್ಕಳ ರಬ್ಬರಲ್ಲಿ ಉಜ್ಜಿ ಮತ್ತೆ ಸಿಕ್ಕಿಸಿದೆ, ಎದ್ದು ಕೂತಿತು. ಇನ್ನೊಂದರಲ್ಲಿ "ಗೂಗಲ್ ಬರಲ್ಲ" ಅನ್ನೋ ದೂರು. ಮದರ್‌ಬೋರ್ಡಿನ ಗುಂಡಗಿನ ಬ್ಯಾಟರಿ, ಸಿಆರ್2032, ಸತ್ತಿತ್ತು. ಅದು ಸತ್ರೆ ಪ್ಲಗ್ ಕಿತ್ತಾಗೆಲ್ಲ ಕಂಪ್ಯೂಟರ್ ತಾರೀಖು ಮರೆತು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತೆ. ತಾರೀಖು ತಪ್ಪಿದ್ರೆ ವೆಬ್‌ಸೈಟಿನ ಸುರಕ್ಷತಾ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲ ಅಂತ ಬ್ರೌಸರ್ ತಿಳ್ಕೊಂಡು ಬಾಗಿಲು ಹಾಕುತ್ತೆ. ಅಂಗಡೀಲಿ ಸಿಗೋ ಆ ಬ್ಯಾಟರಿಗೆ ಒಂದು ಮಸಾಲೆದೋಸೆ ದುಡ್ಡೂ ಆಗಲ್ಲ. ಅಷ್ಟಕ್ಕೆ ಒಂದು ಮಷೀನು ನಿರುಪಯುಕ್ತ ಅನ್ನಿಸಿಕೊಂಡಿತ್ತು!

ಎರಡಕ್ಕೂ ಪೆನ್‌ಡ್ರೈವಿನಿಂದ ಆಂಟಿಎಕ್ಸ್ ಹಾಕಿದೆ. ಹಾಕೋ ಮುಂಚೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಡಿಸ್ಕಲ್ಲಿ ಇರೋದನ್ನ ಮುಟ್ಟೋದೇ ಬೇಡ. ಹೆದರೋರಿಗೆ ಇದು ಮೊದಲು ಹೇಳಬೇಕಾದ ಮಾತು. ಸುಮ್ಮನೆ ಕೂತಾಗ ಅದು ತಿನ್ನೋ ರ್ಯಾಮ್ ಕಾಲು ಜಿಬಿ ಆಸುಪಾಸು. ಮಿಕ್ಕಿದ್ದೆಲ್ಲ ಕೆಲಸಕ್ಕೆ. ಒಂದಕ್ಕೆ ಹಾರ್ಡ್ ಡಿಸ್ಕ್ ಬದಲು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದೆ. ಹಳೇ ಕಂಪ್ಯೂಟರಿಗೆ ದುಡ್ಡು ಹಾಕೋದಾದ್ರೆ ಮೊದಲ ದುಡ್ಡು ಅಲ್ಲಿಗೇ ಹಾಕಿ. ಲಿಬ್ರೆಆಫೀಸ್, ಜಿಯೋಜಿಬ್ರಾ, ಚಿಕ್ಕ ಮಕ್ಕಳಿಗೆ ಜಿಕಾಂಪ್ರಿ, ಟಕ್ಸ್ ಪೇಂಟ್. ನೆಟ್ ಇಲ್ಲದಾಗ ಇರಲಿ ಅಂತ ಕಿವಿಕ್ಸ್ ಹಾಕಿ ಕನ್ನಡ ವಿಕಿಪೀಡಿಯವನ್ನೂ ಇಳಿಸಿಟ್ಟೆ. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಅದರಲ್ಲಿ ಮೊದಲು ಹುಡುಕಿದ್ದು ತಿಪಟೂರು. ಆಮೇಲೆ ತೆಂಗು. ಎರಡೂ ಸಿಕ್ಕಿದ್ದಕ್ಕೆ ಅವಳಿಗೆ ಆದ ಖುಷಿ ನೋಡಬೇಕಿತ್ತು.

ಸುಳ್ಳು ಹೇಳೋಕೆ ನನಗೆ ಇಷ್ಟ ಇಲ್ಲ. ನಮ್ಮ ಲಿನಕ್ಸ್ ಭಕ್ತರು ಹೇಳೋ ಹಾಗೆ ಹಳೇ ಮಷೀನು ರಾಕೆಟ್ ಆಗಲ್ಲ. ಆಪರೇಟಿಂಗ್ ಸಿಸ್ಟಂ ಎಷ್ಟೇ ಹಗುರ ಇರಲಿ, ಇವತ್ತಿನ ವೆಬ್‌ಸೈಟುಗಳು ಭಾರ. ಬ್ರೌಸರಲ್ಲಿ ನಾಲ್ಕು ಟ್ಯಾಬ್ ತೆಗೆದ್ರೆ 2 ಜಿಬಿ ಮುಗಿದುಹೋಗುತ್ತೆ. ಯೂಟ್ಯೂಬ್ 480ರಲ್ಲಿ ಚೆನ್ನಾಗಿ ಓಡುತ್ತೆ, 1080 ಕೇಳಿದ್ರೆ ಎಡವುತ್ತೆ. 32 ಬಿಟ್ ಮಷೀನುಗಳಿಗೆ ಲಿನಕ್ಸಿನವರೇ ಒಬ್ಬೊಬ್ಬರಾಗಿ ಬಾಗಿಲು ಹಾಕ್ತಿದ್ದಾರೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅವಕ್ಕೆ ಇನ್‌ಸ್ಟಾಲರ್ರೇ ಇಲ್ಲ. ಪೆಂಟಿಯಂ ಫೋರ್ ಕಾಲದ್ದು, ಕರೆಂಟು ಕುಡಿದು ಶಾಖ ಉಗುಳೋದು, ಅಂಥದ್ದನ್ನ ಗುಜರಿ ಆಟೋಗೆ ಎತ್ತಿಹಾಕೋಕೆ ನಾನೇ ಕೈ ಕೊಡ್ತೀನಿ. ನನ್ನ ಜಗಳ ಬದುಕಿರೋದನ್ನ ಹೂಳೋರ ಮೇಲೆ.

"ಅಲ್ಲಯ್ಯಾ, ಕನ್ನಡ? ನುಡಿ ಇಲ್ದೆ ಹೆಂಗೆ?" ಇದು ಮೇಷ್ಟ್ರುಗಳ ಮೊದಲ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಉತ್ತರ ಏನಂದ್ರೆ, ನೀವು ನುಡಿಯಲ್ಲಿ ಒತ್ತೋ ಕಗಪ ಕೀಲಿಮಣೆ, ಅಂದ್ರೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಮೇಲೆ ನಿಂತದ್ದು, ಲಿನಕ್ಸಲ್ಲೂ ಇದೆ. ಐಬಸ್ ಮತ್ತು ಎಂ17ಎನ್ ಅನ್ನೋ ಎರಡು ಪೊಟ್ಟಣ ಹಾಕಿ, ಪಟ್ಟಿಯಲ್ಲಿ ಕನ್ನಡದ ಕೆಜಿಪಿ ಆರಿಸಿದ್ರೆ ಬೆರಳಿಗೆ ಹೊಸ ಅಭ್ಯಾಸ ಬೇಡ. ಅಕ್ಷರಕ್ಕೆ ಲೋಹಿತ್ ಇದೆ, ಗುಬ್ಬಿ ಇದೆ, ನವಿಲು ಇದೆ. ಕಷ್ಟ ಇರೋದು ಹಳೇ ಕಡತಗಳಲ್ಲಿ. ಯೂನಿಕೋಡ್ ಅಲ್ಲದ ಫಾಂಟಲ್ಲಿ ವರ್ಷಗಟ್ಟಲೆ ಕುಟ್ಟಿದ ಪ್ರಶ್ನೆಪತ್ರಿಕೆ, ಸುತ್ತೋಲೆ ಎಲ್ಲ ಇಲ್ಲಿ ತೆಗೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿಗೆ ಬದಲಿಸೋ ಪರಿವರ್ತಕಗಳಿವೆ, ಒಂದು ಮಧ್ಯಾಹ್ನ ಕೂತ್ರೆ ಮುಗಿಯುತ್ತೆ. ಆ ಒಂದು ಮಧ್ಯಾಹ್ನ ಕೂರೋರು ಇಲ್ಲ. ಪ್ರಿಂಟರ್ ಕಥೆ ಇನ್ನೊಂದು. ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣೋ ಒಂದು ಹಳೇ ಲೇಸರ್ ಪ್ರಿಂಟರ್ ಜೊತೆ ನಾನು ಎರಡು ರಾತ್ರಿ ಗುದ್ದಾಡಿದೀನಿ. ಕೊನೆಗೆ ಪಿಡಿಎಫ್ ಮಾಡಿ ಆಫೀಸಿನ ಕಂಪ್ಯೂಟರಿಂದ ಪ್ರಿಂಟ್ ತೆಗಿರಿ ಅಂತ ಒಪ್ಪಂದ. ಸಂಬಳದ ಬಿಲ್ಲು, ಡಿಜಿಟಲ್ ಸಹಿಯ ಡಾಂಗಲ್ ಇರೋ ಆ ಆಫೀಸಿನ ಮಷೀನು ವಿಂಡೋಸಲ್ಲೇ ಇರಲಿ ಬಿಡಿ. ಮಕ್ಕಳ ರೂಮಿಗೂ ಸಹಿ ಡಾಂಗಲಿಗೂ ಏನು ಸಂಬಂಧ?

ಎರಡನೇ ಪ್ರಶ್ನೆಗೆ ಮಾತ್ರ ನನಗೆ ಸಿಟ್ಟು ಬರುತ್ತೆ: "ವಿಂಡೋಸ್ ಕಲೀದಿದ್ರೆ ಮಕ್ಕಳಿಗೆ ಕೆಲಸ ಸಿಗಲ್ಲ." ಯಾರು ಹೇಳಿದ್ದು? ಕೆಲಸ ಕೊಡೋ ಜಾಗದಲ್ಲಿ ಕೂತೋನು ನಾನು ಹೇಳ್ತೀನಿ ಕೇಳಿ. ನಮ್ಮ ಕಂಪನಿಯ ಸರ್ವರುಗಳು ಓಡೋದು ಲಿನಕ್ಸ್ ಮೇಲೆ. ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಈಚೆಗೆ ಎಲ್ಲವೂ ಲಿನಕ್ಸೇ. ಪಕ್ಕದ ಕೇರಳ ಐಟಿ@ಸ್ಕೂಲ್ ಅಂತ 2001ರಲ್ಲಿ ಶುರುಮಾಡಿ, ಈಗ ಕೈಟ್ ಅನ್ನೋ ಹೆಸರಲ್ಲಿ, ಸರ್ಕಾರಿ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ಕಲಿಸ್ತಿದೆ. ಅಲ್ಲಿಯ ಹುಡುಗರು ನನ್ನ ಪಕ್ಕದ ಸೀಟಲ್ಲಿ ಕೂತಿದ್ದಾರೆ, ಕೆಲಸ ಸಿಗದೆ ಯಾರೂ ಅಳ್ತಾ ಇಲ್ಲ. ಅಷ್ಟು ದೂರ ಯಾಕೆ, ನಮ್ಮದೇ ರಾಜ್ಯದಲ್ಲಿ ಪ್ರೌಢಶಾಲೆ ಮೇಷ್ಟ್ರುಗಳಿಗೆ ವಿಷಯ ಶಿಕ್ಷಕರ ವೇದಿಕೆ ಅಂತ ತರಬೇತಿ ಮಾಡಿದಾಗ ಕಲಿಸಿದ್ದು ಉಬುಂಟು. ತರಬೇತಿ ಮುಗಿಸಿ ಶಾಲೆಗೆ ಬಂದ್ರೆ ರೂಮಿಗೆ ಬೀಗ. ಕೇಂದ್ರ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶ ಬಳಸಬೇಕು ಅಂತ ನೀತಿ ಹೊರಡಿಸಿದೆ, ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಅದಕ್ಕೂ ಎಷ್ಟೋ ಮುಂಚಿನದು. ಕಾಗದದ ಮೇಲೆ ನಾವು ಯಾರಿಗೂ ಕಮ್ಮಿಯಿಲ್ಲ.

ಇಷ್ಟಕ್ಕೂ ಹಳ್ಳಿ ಮಕ್ಕಳ ಕೈಲಿ ಈಗ ಫೋನಿದೆ, ಕಂಪ್ಯೂಟರ್ ಯಾಕೆ ಅನ್ನೋರು ಇದ್ದಾರೆ. ಫೋನಲ್ಲಿ ಮಕ್ಕಳು ನೋಡ್ತಾರೆ, ಮಾಡೋದು ಕಮ್ಮಿ. ಹೆಬ್ಬೆರಳು ಮೇಲಕ್ಕೆ ತಳ್ಳೋದು ಬಿಟ್ರೆ ಅದರಲ್ಲಿ ಕೈಗೆ ಕೆಲಸ ಇಲ್ಲ. ಒಂದು ಪುಟ ಬರೆಯೋಕೆ, ಒಂದು ಲೆಕ್ಕದ ಹಾಳೆ ಮಾಡೋಕೆ, ನಾಲ್ಕು ಸಾಲು ಪ್ರೋಗ್ರಾಂ ಕುಟ್ಟೋಕೆ ಕೀಬೋರ್ಡು ಬೇಕು. ನಾನು ಪಿಯುಸಿ ಮುಗಿಸಿ ಬಿಇ ಸೇರೋವರೆಗೆ ಕೀಬೋರ್ಡ್ ಮುಟ್ಟಿರಲಿಲ್ಲ. ಲ್ಯಾಬಲ್ಲಿ ನನ್ನ ಪಕ್ಕದ ಬೆಂಗಳೂರು ಹುಡುಗ ಹತ್ತು ಬೆರಳಲ್ಲಿ ಬಡೀತಿದ್ದ, ನಾನು ಒಂದೇ ಬೆರಳಲ್ಲಿ ಎಂ ಎಲ್ಲಿದೆ ಅಂತ ಹುಡುಕ್ತಿದ್ದೆ. ಆ ಅಂತರ ಮುಚ್ಚೋಕೆ ನನಗೆ ಎರಡು ಸೆಮಿಸ್ಟರ್ ಹಿಡೀತು. ಅದು ಬುದ್ಧಿಯ ಅಂತರ ಆಗಿರಲಿಲ್ಲ, ಒಂದು ಹಳೇ ಡಬ್ಬದ ಅಂತರ.

ನನ್ನ ಜಾತಿಯವರಿಗೂ, ಅಂದ್ರೆ ಇಂಜಿನಿಯರ್ ಜಾತಿಯವರಿಗೂ ಎರಡು ಮಾತು. ನಮ್ಮ ಆಫೀಸುಗಳಲ್ಲಿ ನಾಲ್ಕು ವರ್ಷಕ್ಕೆ ಲ್ಯಾಪ್‌ಟಾಪ್ ಬದಲಾಗುತ್ತೆ. ಹಳೇದನ್ನ ಡಿಸ್ಕ್ ಅಳಿಸಿ ಶಾಲೆಗೆ ಕೊಡಿ ಅಂದ್ರೆ "ಪಾಲಿಸಿ ಇಲ್ಲ" ಅಂತಾರೆ. ಅದೇ ಕಂಪನಿ ಸಾಮಾಜಿಕ ಹೊಣೆಗಾರಿಕೆ ಅಂತ ಹಳ್ಳಿ ಶಾಲೆಗೆ ಬಂದು, ಟ್ಯಾಬ್ಲೆಟ್ ಹಂಚಿ, ಬ್ಯಾನರ್ ಹಿಡಿದು ಫೋಟೋ ತೆಗೆಸ್ಕೊಂಡು ಹೋಗುತ್ತೆ. ಆ ಟ್ಯಾಬ್ಲೆಟ್ಟಿನ ಬ್ಯಾಟರಿ ಹೋದ ದಿನ ಯಾರ ಫೋಟೋನೂ ಇರಲ್ಲ. ಇನ್ನು ಲಿನಕ್ಸ್ ಗೊತ್ತಿರೋ ಗೆಳೆಯರು. ಯಾವ ಡಿಸ್ಟ್ರೋ ಶ್ರೇಷ್ಠ, ಸಿಸ್ಟಂಡಿ ಬೇಕಾ ಬೇಡ್ವಾ ಅಂತ ರಾತ್ರಿಯೆಲ್ಲ ಜಗಳ. ಭಾನುವಾರ ಒಂದು ಪೆನ್‌ಡ್ರೈವ್, ಒಂದು ಸ್ಕ್ರೂಡ್ರೈವರ್, ಒಂದು ರಬ್ಬರ್ ಹಿಡ್ಕೊಂಡು ಊರಿನ ಬಸ್ ಹತ್ತು ಮಾರಾಯ ಅಂದ್ರೆ "ನೋಡೋಣ ಗುರು" ಅಂತಾರೆ.

ಹೆಡ್ಮಾಸ್ಟ್ರು ಕೇಳಿದ ಪ್ರಶ್ನೆ ಮಾತ್ರ ತೂಕದ್ದು. "ನೀನು ಬೆಂಗಳೂರಿಗೆ ಹೋದ್ಮೇಲೆ ಕೆಟ್ರೆ ಯಾರ್ ನೋಡ್ತಾರಯ್ಯಾ?" ವಿಂಡೋಸ್ ಇದ್ದಾಗ ಯಾರು ನೋಡ್ತಿದ್ರು ಸಾರ್ ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಹಿರಿಯರು. ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರನ್ನ, ಒಬ್ಬ ಹುಡುಗನನ್ನ ಕೂರಿಸಿಕೊಂಡು, ಮಷೀನು ಪೂರ್ತಿ ಅಳಿಸಿ ಮತ್ತೆ ಹಾಕೋದನ್ನ ಮೂರು ಸಲ ಮಾಡಿಸಿದೆ. ಮೂರನೇ ಸಲ ನಾನು ಹೊರಗೆ ಚಪ್ಪರದ ಕೆಳಗೆ ಟೀ ಕುಡೀತಿದ್ದೆ. ಅರ್ಧ ಗಂಟೆ ಚಿಲ್ಲರೆ ಹಿಡೀತು. ಲೈಸೆನ್ಸ್ ನಂಬರ್ ಇಲ್ಲ, ಕಳ್ಳ ಸೀಡಿ ಇಲ್ಲ, ಟೌನಿನವರಿಗೆ ಫೋನಿಲ್ಲ. ಪೆನ್‌ಡ್ರೈವನ್ನ ಹೆಡ್ಮಾಸ್ಟ್ರು ಬೀರುವಿನಲ್ಲಿ, ಹಾಜರಿ ಪುಸ್ತಕದ ಪಕ್ಕ ಇಟ್ಟಿದ್ದಾರೆ.

ಮಿಕ್ಕ ಒಂಬತ್ತು ಇನ್ನೂ ಪಟ್ಟಿಯಲ್ಲೇ ಇವೆ. ಪಟ್ಟಿಯಿಂದ ಹೆಸರು ತೆಗೀಬೇಕಾದ್ರೆ "ದುರಸ್ತಿಗೆ ಯೋಗ್ಯ" ಅಂತ ಯಾರಾದ್ರೂ ಬರೆದು ಸಹಿ ಹಾಕಬೇಕಂತೆ. ನಿರುಪಯುಕ್ತ ಅಂತ ಬರೆಯೋಕೆ ಸರ್ವಿಸಿನವರ ಬಾಯಿಮಾತು ಸಾಕಾಗಿತ್ತು. ಮಾರ್ಚಿ ಒಳಗೆ ಆ ಸಹಿ ಬೀಳುತ್ತಾ ಅಂತ ಎರಡು ವಾರಕ್ಕೊಂದ್ಸಲ ಫೋನ್ ಮಾಡ್ತಿದೀನಿ. "ನೋಡೋಣ ಬಾರಯ್ಯ, ಸಾಹೇಬ್ರು ಮೀಟಿಂಗಲ್ಲಿದ್ದಾರೆ" ಅಂತಾರೆ.